ಅವಳಿ ನಗರಕ್ಕೆ ಗಂಟುಮೂಟೆ ಕಟ್ಟಿಕೊಂಡು ಬರುವವರಿಗೆ

ವರ್ಗಾವಣೆಯ ಆದೇಶ ಕೈಗೆ ಬಂದ ಕೂಡಲೇ ಬಹಳ ಮಂದಿ ಮೊಬೈಲ್‌ನಲ್ಲಿ ಬಾಡಿಗೆ ಮನೆಗಳ ಚಿತ್ರ ನೋಡತೊಡಗುತ್ತಾರೆ. ಹುಬ್ಬಳ್ಳಿ–ಧಾರವಾಡದ ಮಟ್ಟಿಗೆ ಅದು ಕೊನೆಗೆ ಮಾಡಬೇಕಾದ ಕೆಲಸ. ಚಿತ್ರದಲ್ಲಿ ಹೊಸ ಟೈಲ್ಸ್ ಕಾಣುತ್ತದೆ, ಮಾಡ್ಯುಲರ್ ಅಡುಗೆಮನೆ ಕಾಣುತ್ತದೆ. ನಳಕ್ಕೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ ಎಂಬುದು ಕಾಣುವುದಿಲ್ಲ. ಇಲ್ಲಿ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆಗಳು ಎರಡೇ: ಎರಡು ಊರುಗಳಲ್ಲಿ ಯಾವುದು, ಮತ್ತು ಆ ಮನೆಯ ನೀರಿನ ಕಥೆ ಏನು. ಇವೆರಡು ಸರಿಹೋದರೆ ಉಳಿದದ್ದು ತಿಂಗಳೊಪ್ಪತ್ತಿನಲ್ಲಿ ತಾನಾಗಿ ಹೊಂದಿಕೊಳ್ಳುತ್ತದೆ.

ಮೊದಲು ಊರು ಆರಿಸಿಕೊಳ್ಳಿ

1962ರಲ್ಲಿ ಎರಡೂ ಊರುಗಳನ್ನು ಒಂದೇ ಮಹಾನಗರ ಪಾಲಿಕೆಗೆ ಸೇರಿಸಲಾಯಿತು. ಆದರೂ ನಡುವೆ ಸುಮಾರು 20 ಕಿಲೋಮೀಟರ್ ಇದೆ, ಸ್ವಭಾವದಲ್ಲಿ ಅದಕ್ಕಿಂತ ಹೆಚ್ಚಿನ ದೂರವಿದೆ. ಹುಬ್ಬಳ್ಳಿ ವ್ಯಾಪಾರದ ಊರು: ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ, ವಿಮಾನ ನಿಲ್ದಾಣ, ಸಗಟು ಪೇಟೆಗಳು, ರಾತ್ರಿ ತಡವಾಗಿ ಮುಚ್ಚುವ ಅಂಗಡಿಗಳು. ಧಾರವಾಡ ಜಿಲ್ಲಾ ಕೇಂದ್ರ: ಜಿಲ್ಲಾಧಿಕಾರಿ ಕಚೇರಿ, ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, ಹೈಕೋರ್ಟ್ ಪೀಠ, ಐಐಟಿ ಎಲ್ಲವೂ ಆ ಕಡೆಗೆ. ಧಾರವಾಡದವರು ಹುಬ್ಬಳ್ಳಿಯನ್ನು ಗದ್ದಲದ ಊರು ಎನ್ನುತ್ತಾರೆ, ಹುಬ್ಬಳ್ಳಿಯವರು ಧಾರವಾಡವನ್ನು ನಿವೃತ್ತರ ಊರು ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ಸತ್ಯವಿದೆ.

ನನ್ನ ಸಲಹೆ ಸರಳ: ದಿನವೂ ಹೋಗಬೇಕಾದ ಜಾಗ ಎಲ್ಲಿದೆಯೋ ಅದೇ ಊರಿನಲ್ಲಿ ಮನೆ ಹಿಡಿಯಿರಿ. ಐಐಟಿಯ ಕ್ಯಾಂಪಸ್ ಧಾರವಾಡದಾಚೆ ಚಿಕ್ಕಮಲ್ಲಿಗವಾಡದ ಬಳಿ ಇದೆ. ಅಲ್ಲಿ ಕೆಲಸ ಸಿಕ್ಕವರು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಮನೆ ಮಾಡಿದರೆ ಪ್ರತಿದಿನ ಎರಡು ಊರು ದಾಟಬೇಕು. ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಬರುವ ಹುಡುಗ ಹುಡುಗಿಯರಿಗೆ ಧಾರವಾಡದ ಸಪ್ತಾಪುರ ಬಿಟ್ಟರೆ ಬೇರೆ ಯೋಚನೆಯೇ ಬೇಡ. ತರಬೇತಿ ಕೇಂದ್ರ, ವಾಚನಾಲಯ, ಪಿಜಿ, ಮೆಸ್ ಎಲ್ಲವೂ ನಡೆದು ಹೋಗುವಷ್ಟು ಹತ್ತಿರ. ಹುಬ್ಬಳ್ಳಿಯಲ್ಲಿ ಕುಟುಂಬದೊಂದಿಗೆ ಇರುವವರು ಸಾಮಾನ್ಯವಾಗಿ ವಿದ್ಯಾನಗರ, ಕೇಶ್ವಾಪುರ, ದೇಶಪಾಂಡೆ ನಗರ, ಗೋಕುಲ ರಸ್ತೆಯ ಕಡೆ ನೋಡುತ್ತಾರೆ. ಧಾರವಾಡದಲ್ಲಿ ಮಾಳಮಡ್ಡಿ, ಸಾರಸ್ವತಪುರ, ಸಾಧನಕೇರಿ, ವಿದ್ಯಾಗಿರಿಯ ಸುತ್ತ ಹುಡುಕುತ್ತಾರೆ.

ಗಂಡ ಒಂದು ಊರಿನಲ್ಲಿ, ಹೆಂಡತಿ ಇನ್ನೊಂದು ಊರಿನಲ್ಲಿ ಕೆಲಸ ಮಾಡುವ ಮನೆಗಳು ಇಲ್ಲಿ ಎಷ್ಟೋ ಇವೆ. ಅಂಥವರು ನಡುವಿನ ನವನಗರ, ರಾಯಾಪುರ, ಸತ್ತೂರು ಭಾಗದಲ್ಲಿ, ಎರಡು ಊರುಗಳನ್ನು ಜೋಡಿಸುವ ಚಿಗರಿ ಬಸ್ಸಿನ ನಿಲ್ದಾಣಕ್ಕೆ ನಡೆದು ಹೋಗುವ ದೂರದಲ್ಲಿ ಮನೆ ನೋಡಲಿ. ತರಕಾರಿಗೆ ತುಸು ದೂರ ಹೋಗಬೇಕಾಗಬಹುದು, ಆದರೆ ಸಂಜೆಯ ಹೊತ್ತಿಗೆ ಇಬ್ಬರೂ ಮನೆ ಸೇರುತ್ತಾರೆ.

ಮನೆ ನೋಡುವಾಗ ಮೊದಲು ಸಂಪಿನ ಮುಚ್ಚಳ ತೆಗೆಸಿ

ಅವಳಿ ನಗರಕ್ಕೆ ಕುಡಿಯುವ ನೀರು ಬರುವುದು ಸವದತ್ತಿ ಬಳಿಯ ಮಲಪ್ರಭಾ ಜಲಾಶಯದಿಂದ ಮತ್ತು ನೀರಸಾಗರದಿಂದ. 2008ರಿಂದ ಕೆಲವು ವಾರ್ಡುಗಳಲ್ಲಿ ದಿನದ 24 ಗಂಟೆಯೂ ನೀರು ಕೊಡುವ ವ್ಯವಸ್ಥೆ ಇದೆ. ಉಳಿದೆಡೆ ನೀರಿಗೆ ಸರದಿ. ಸರದಿ ಎಂದರೆ ದಿನ ಬಿಟ್ಟು ದಿನ ಎಂದುಕೊಳ್ಳಬೇಡಿ; ಓಣಿಯಿಂದ ಓಣಿಗೆ ಲೆಕ್ಕ ಬೇರೆ, ಬೇಸಿಗೆಗೂ ಮಳೆಗಾಲಕ್ಕೂ ಬೇರೆ, ಕೊಳವೆ ಒಡೆದರಂತೂ ಇನ್ನೂ ಬೇರೆ. ಮನೆಯ ಮಾಲೀಕರನ್ನು ಕೇಳಿದರೆ 'ನೀರಿಗೇನೂ ತೊಂದರೆ ಇಲ್ಲ' ಎನ್ನುತ್ತಾರೆ. ಎಲ್ಲ ಮಾಲೀಕರೂ ಹಾಗೆಯೇ ಹೇಳುತ್ತಾರೆ. ಆದ್ದರಿಂದ ಅದೇ ಓಣಿಯ ಕಿರಾಣಿ ಅಂಗಡಿಯವರನ್ನು ಅಥವಾ ಎದುರು ಮನೆಯ ಅಂಗಳದಲ್ಲಿ ಕುಳಿತ ಹಿರಿಯರನ್ನು ಕೇಳಿ: 'ಕಾಕಾ, ಇಲ್ಲಿ ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆ? ಬಂದರೆ ಎಷ್ಟು ತಾಸು ಇರುತ್ತದೆ?' ಅವರು ಹೇಳಿದ್ದೇ ಖರೆ.

ಆಮೇಲೆ ಸಣ್ಣ ಲೆಕ್ಕ ಹಾಕಿ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಬೇಕು ಎಂಬುದು ಸರ್ಕಾರದ ಮಾನದಂಡ. ನಾಲ್ಕು ಜನರಿದ್ದರೆ ದಿನಕ್ಕೆ 540 ಲೀಟರ್. ಐದು ದಿನಕ್ಕೊಮ್ಮೆ ನೀರು ಬರುವ ಓಣಿಯಾದರೆ 2,700 ಲೀಟರ್, ಎಂಟು ದಿನಕ್ಕೊಮ್ಮೆಯಾದರೆ 4,300 ಲೀಟರ್‌ಗೂ ಹೆಚ್ಚು. ಚಾವಣಿಯ ಮೇಲೆ 1,000 ಲೀಟರ್‌ನ ಕಪ್ಪು ಟ್ಯಾಂಕ್ ಒಂದೇ ಇದ್ದು, ನೆಲದೊಳಗೆ ಸಂಪು ಇಲ್ಲದಿದ್ದರೆ, ಬಾಡಿಗೆ ಎಷ್ಟೇ ಕಡಿಮೆಯಿದ್ದರೂ ಕೈಮುಗಿದು ಮುಂದಿನ ಮನೆ ನೋಡಿ. ಸಂಪು ಇದ್ದರೂ ಎಷ್ಟು ಮನೆಗಳಿಗೆ ಸೇರಿ ಅದು ಒಂದೇ ಎಂದು ಕೇಳಿ. ಮೂರು ಬಾಡಿಗೆದಾರರಿಗೆ ಒಂದು ಸಂಪು, ಒಂದು ಮೋಟರ್ ಎಂದಾದರೆ ಜಗಳ ಇವತ್ತಲ್ಲ ನಾಳೆ ಬಂದೇ ಬರುತ್ತದೆ. ಕೊಳವೆಬಾವಿ ಇದೆಯೇ ಎಂದೂ ಕೇಳಿ. ಇದ್ದರೆ ಬಳಕೆಯ ನೀರಿನ ಚಿಂತೆ ತಪ್ಪುತ್ತದೆ. ಅದರ ನೀರು ಹಲವೆಡೆ ಗಡಸು. ಗೀಸರ್‌ನಲ್ಲಿ, ಪಾತ್ರೆಯ ತಳದಲ್ಲಿ ಬಿಳಿ ಪದರು ಕಟ್ಟುತ್ತದೆ, ಅಡುಗೆಗೆ ಹಿಡಿಸುವುದಿಲ್ಲ.

ನಳ ಬರುವ ದಿನ ಮನೆಯಲ್ಲಿ ಒಬ್ಬರಾದರೂ ಇರುವಂತೆ ನೋಡಿಕೊಳ್ಳಿ. ನೀರು ಬಿಡುವ ಸಿಬ್ಬಂದಿ ಉದ್ದನೆಯ ಕಬ್ಬಿಣದ ಚಾವಿಯೊಂದಿಗೆ ಬಂದು ರಸ್ತೆ ಬದಿಯ ವಾಲ್ವ್ ತಿರುಗಿಸಿ ಹೋಗುತ್ತಾರೆ. ಒಮ್ಮೊಮ್ಮೆ ಬೆಳಗಿನ ಐದಕ್ಕೆ, ಒಮ್ಮೊಮ್ಮೆ ನಡುರಾತ್ರಿಗೆ. ನಳದಿಂದ ಮೊದಲು ಗಾಳಿ ಭುಸ್ಸೆಂದು ಬರುತ್ತದೆ, ಹಿಂದೆಯೇ ನಾಲ್ಕು ಉಗುಳು ಕೆಂಪಗಿನ ನೀರು. ಅದನ್ನು ಬಕೆಟ್ಟಿನಲ್ಲಿ ಹಿಡಿದು ಗಿಡಗಳಿಗೆ ಹಾಕಿ. ತಿಳಿಯಾದ ಮೇಲೆ ಮೊದಲು ಕುಡಿಯುವ ನೀರಿನ ಕೊಡಗಳನ್ನು ತುಂಬಿ, ಆಮೇಲೆ ಸಂಪಿಗೆ ಬಿಡಿ. ಎಷ್ಟೋ ಹೊಸಬರು ಸಂಪಿಗೆ ಪೈಪು ಹಾಕಿ ಮಲಗಿಬಿಡುತ್ತಾರೆ. ಬೆಳಿಗ್ಗೆ ಕುಡಿಯಲು ತಾಜಾ ನೀರು ಇರುವುದಿಲ್ಲ. ನಳಕ್ಕೆ ನೇರವಾಗಿ ಮೋಟರ್ ಹಚ್ಚಿ ಎಳೆಯುವುದು ನಿಯಮಕ್ಕೆ ವಿರುದ್ಧ, ಮೇಲಾಗಿ ಓಣಿಯ ಕೊನೆಯ ಮನೆಗಳಿಗೆ ನೀರೇ ತಲುಪದಂತೆ ಮಾಡುತ್ತದೆ. ಹೊಸದಾಗಿ ಬಂದವರು ಹೀಗೆ ಮಾಡಿ ಸಿಕ್ಕಿಬಿದ್ದರೆ ಆ ಓಣಿಯಲ್ಲಿ ಹೆಸರು ಸರಿಪಡಿಸಿಕೊಳ್ಳಲು ವರ್ಷ ಹಿಡಿಯುತ್ತದೆ.

ನೀರು ಬಿಟ್ಟರೆ ಗೋಡೆ ನೋಡಿ. ಎರೆಮಣ್ಣಿನ ನೆಲ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಅಡಿಪಾಯ ಸರಿಯಿಲ್ಲದ ಮನೆಗಳಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏರುತ್ತದೆ. ಹೊಸ ಬಣ್ಣ ಹೊಡೆದ ಮನೆಯಲ್ಲಿ ಆ ಮೂಲೆಗಳನ್ನೇ ಬೆರಳಿನಿಂದ ಸವರಿ ನೋಡಿ. ಚಾವಣಿಯಲ್ಲಿ ಹಳದಿ ಕಲೆ ಇದ್ದರೆ ಜುಲೈನಲ್ಲಿ ಅದು ಸೋರುತ್ತದೆ ಎಂದೇ ತಿಳಿಯಿರಿ.

ಇನ್ನೊಂದು ಮಾತು ಮುಚ್ಚಿಟ್ಟು ಪ್ರಯೋಜನವಿಲ್ಲ. ಕೆಲವು ಬಡಾವಣೆಗಳಲ್ಲಿ ಮಾಲೀಕರು ಮೊದಲು ಕೇಳುವುದು ನಿಮ್ಮ ಉದ್ಯೋಗವನ್ನಲ್ಲ, ನಿಮ್ಮ ಊಟವನ್ನು. ಅದರ ಹಿಂದೆಯೇ ಜಾತಿಯ ಪ್ರಶ್ನೆಯೂ ಇರುತ್ತದೆ. ನನಗೆ ಇದು ಸರಿ ಕಾಣುವುದಿಲ್ಲ. ಆದರೆ ಮಾಂಸಾಹಾರ ಮಾಡುವವರು ಮುಂಗಡ ಕೊಡುವ ಮೊದಲೇ ಬಾಯಿಬಿಟ್ಟು ಹೇಳುವುದು ಒಳ್ಳೆಯದು. ಕದ್ದು ಬೇಯಿಸಿಕೊಂಡು ಕರಾರಿನ ಹನ್ನೊಂದು ತಿಂಗಳು ಕಳೆಯುವುದು ಬಾಳುವೆಯಲ್ಲ. ಅಂಥ ಪ್ರಶ್ನೆ ಕೇಳದ ಮಾಲೀಕರೂ ಎರಡೂ ಊರುಗಳಲ್ಲಿ ಸಾಕಷ್ಟಿದ್ದಾರೆ, ಹುಡುಕಲು ಸ್ವಲ್ಪ ಹೆಚ್ಚು ತಿರುಗಬೇಕು.

ಕಾಗದಪತ್ರ

ಬಾಡಿಗೆ ಕರಾರನ್ನು ಇ–ಸ್ಟ್ಯಾಂಪ್ ಕಾಗದದ ಮೇಲೆಯೇ ಮಾಡಿಸಿ. ಹನ್ನೊಂದು ತಿಂಗಳಿಗೆ ಬರೆಸುವ ರೂಢಿಗೆ ಕಾರಣವಿದೆ: ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯ. ಮನೆ ಬಿಡುವಾಗ ಬಣ್ಣದ ಖರ್ಚು ಯಾರದು, ನೀರಿನ ಬಿಲ್ಲು ಯಾರದು ಎಂಬ ಎರಡು ಸಾಲುಗಳನ್ನು ಬಾಯಿಮಾತಿಗೆ ಬಿಡದೆ ಬರೆಸಿಕೊಳ್ಳಿ.

ಆ ಕರಾರು ಕೈಯಲ್ಲಿದ್ದರೆ ಉಳಿದವು ಒಂದರ ಹಿಂದೆ ಒಂದು ಬರುತ್ತವೆ. ಮೊದಲು ಆಧಾರ್ ವಿಳಾಸ, ಆಮೇಲೆ ಬ್ಯಾಂಕು ಮತ್ತು ವಾಹನದ ದಾಖಲೆ. ಮತದಾರರ ಪಟ್ಟಿಯಲ್ಲಿ ಹೆಸರು ವರ್ಗಾಯಿಸಲು ನಮೂನೆ 8. ರಾಜ್ಯದೊಳಗಿನಿಂದಲೇ ಬಂದವರು ಬೈಕು, ಕಾರಿನ ನೋಂದಣಿ ಸಂಖ್ಯೆ ಬದಲಿಸಬೇಕಿಲ್ಲ, ವಿಳಾಸ ಬದಲಿಸಿದರೆ ಸಾಕು; ಕೆಎ 25 ಧಾರವಾಡದ್ದು, ಕೆಎ 63 ಹುಬ್ಬಳ್ಳಿಯದು. ಪಡಿತರ ಚೀಟಿಯ ಬಗ್ಗೆ ಗಾಬರಿ ಬೇಡ, ಹೊಸ ಚೀಟಿ ಇಲ್ಲದೆಯೂ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ಧಾನ್ಯ ಪಡೆಯಬಹುದು. ಸರ್ಕಾರಿ ಸೇವೆಗಳಿಗೆ ಕಚೇರಿ ಕಚೇರಿ ಅಲೆಯುವ ಮೊದಲು ಹತ್ತಿರದ ಕರ್ನಾಟಕ ಒನ್ ಕೇಂದ್ರಕ್ಕೆ ಹೋಗಿ ನೋಡಿ.

ವಿದ್ಯುತ್ತಿಗೆ ಇಲ್ಲಿ ಹೆಸ್ಕಾಂ, ದೂರಿಗೆ 1912. ಹಿಂದಿನ ಊರಿನಲ್ಲಿ ಗೃಹಜ್ಯೋತಿ ಪಡೆಯುತ್ತಿದ್ದವರು ಆ ಹಳೆಯ ಮೀಟರಿನಿಂದ ಆಧಾರ್ ಜೋಡಣೆಯನ್ನು ಮೊದಲು ತೆಗೆಸಬೇಕು, ಆಮೇಲೆ ಹೊಸ ಮನೆಯ ಆರ್‌ಆರ್ ಸಂಖ್ಯೆಗೆ (ಬಿಲ್ಲಿನ ಮೇಲಿರುವ ವಿದ್ಯುತ್ ಸಂಪರ್ಕದ ಸಂಖ್ಯೆ) ಅರ್ಜಿ ಹಾಕಬೇಕು. ಮೀಟರ್ ನಿಮ್ಮ ಮನೆಗೆ ಪ್ರತ್ಯೇಕವಾಗಿದೆಯೇ ಎಂದು ಕರಾರಿಗೆ ಮೊದಲೇ ಖಾತ್ರಿ ಮಾಡಿಕೊಳ್ಳಿ. ಅಡುಗೆ ಅನಿಲದವರು ಹಳೆಯ ಏಜೆನ್ಸಿಯಲ್ಲಿ ಸಿಲಿಂಡರ್, ರೆಗ್ಯುಲೇಟರ್ ಒಪ್ಪಿಸಿ, ಠೇವಣಿ ಹಿಂಪಡೆದು, ವರ್ಗಾವಣೆ ಪತ್ರ ತರಬೇಕು. ಲಾರಿಯಲ್ಲಿ ಸಿಲಿಂಡರ್ ಹೇರಿಕೊಂಡು ಬರುವವರು ಇನ್ನೂ ಇದ್ದಾರೆ. ಅದು ಅಪಾಯ, ಇಲ್ಲಿ ಬಂದ ಮೇಲೆ ಲೆಕ್ಕಕ್ಕೂ ಬರುವುದಿಲ್ಲ. ಮಕ್ಕಳಿದ್ದರೆ ವರ್ಗಾವಣೆ ಪ್ರಮಾಣಪತ್ರದ ಜೊತೆ ಸ್ಯಾಟ್ಸ್ ಸಂಖ್ಯೆ (ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೆ ಕೊಡುವ ಗುರುತಿನ ಸಂಖ್ಯೆ) ಬರೆದಿಟ್ಟುಕೊಳ್ಳಿ, ಹೊಸ ಶಾಲೆ ಮೊದಲು ಕೇಳುವುದು ಅದನ್ನೇ.

ಮೊದಲ ವಾರದ ಊಟ, ಆಮೇಲಿನ ಅಡುಗೆ

ಸಾಮಾನು ಬಿಚ್ಚುವ ಮೊದಲೇ ಮನೆಗೆ ಹತ್ತಿರದ ಖಾನಾವಳಿ ಯಾವುದು ಎಂದು ಗುರುತಿಸಿಕೊಳ್ಳಿ. ಹೊರಗಿನ ಫಲಕ ದೊಡ್ಡದಿರಬೇಕಿಲ್ಲ. ಮಧ್ಯಾಹ್ನ ಒಂದರ ಹೊತ್ತಿಗೆ ಕಚೇರಿಯ ಜನ, ಊರಿಂದ ಕೋರ್ಟ್ ಕೆಲಸಕ್ಕೆ ಬಂದ ರೈತರು ಇಬ್ಬರೂ ಒಟ್ಟಿಗೆ ಕುಳಿತು ಉಣ್ಣುತ್ತಿದ್ದರೆ ಅಲ್ಲಿಗೆ ಹೋಗಿ. ತಟ್ಟೆಯಲ್ಲಿ ಬಿಸಿ ಜೋಳದ ರೊಟ್ಟಿ, ಕಾಳಿನ ಪಲ್ಯ, ಎಣ್ಣೆಗಾಯಿ, ಒಂದು ಮೂಲೆಯಲ್ಲಿ ಶೇಂಗಾ ಚಟ್ನಿಪುಡಿ, ಅದರ ಮೇಲೊಂದಿಷ್ಟು ಗಟ್ಟಿ ಮೊಸರು. ಪಕ್ಕದಲ್ಲಿ ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿ, ಉಳ್ಳಾಗಡ್ಡಿ ಬಂದರೆ ಅದು ಅಲಂಕಾರಕ್ಕೆ ಇಟ್ಟದ್ದಲ್ಲ, ರೊಟ್ಟಿಯ ತುತ್ತಿನ ಜೊತೆ ಕಚ್ಚಿ ತಿನ್ನಬೇಕು. ಅನ್ನ ಬರುವುದು ಕೊನೆಗೆ. ಅನ್ನಕ್ಕಾಗಿ ಹೊಟ್ಟೆಯಲ್ಲಿ ಜಾಗ ಉಳಿಸಿಕೊಳ್ಳುವ ದಕ್ಷಿಣದ ಅಭ್ಯಾಸವಿದ್ದವರು ಬಡಿಸುವವರಿಗೆ ರೊಟ್ಟಿ ಸಾಕೆಂದು ಮೊದಲೇ ಹೇಳಬೇಕು, ಇಲ್ಲವಾದರೆ ಇನ್ನೊಂದು ಬಂದು ಬೀಳುತ್ತದೆ. ಖಾರದ ಮಾಂಸದೂಟ ಬೇಕೆನ್ನುವವರಿಗೆ ಹುಬ್ಬಳ್ಳಿಯ ಸಾವಜಿ ಹೋಟೆಲುಗಳಿವೆ. ಹೊಟ್ಟೆ ಗಟ್ಟಿಯಿದ್ದವರು ಮಾತ್ರ.

ಮನೆಯಲ್ಲಿ ಅಡುಗೆ ಆರಂಭಿಸಿದ ಮೇಲೂ ರೊಟ್ಟಿಯನ್ನು ಮೊದಲ ದಿನವೇ ತಟ್ಟಲು ಹೋಗಬೇಡಿ. ಓಣಿಗೊಬ್ಬರಾದರೂ ರೊಟ್ಟಿ ಮಾಡಿ ಮಾರುವ ಅಕ್ಕನವರು ಇರುತ್ತಾರೆ. ದಿನಕ್ಕೆ ಎಷ್ಟು ಬೇಕೆಂದು ಹಿಂದಿನ ದಿನ ಹೇಳಿದರೆ ಲೆಕ್ಕ ತಪ್ಪದೆ ಸಿಗುತ್ತದೆ. ಖಡಕ್ ರೊಟ್ಟಿಯನ್ನು ತಿಂಗಳಿಗಾಗುವಷ್ಟು ತಂದಿಟ್ಟುಕೊಳ್ಳಬಹುದು. ಕಲಿಯಲೇಬೇಕೆಂಬ ಹಟವಿದ್ದರೆ ಚೀಲದ ಹಿಟ್ಟು ಬಿಟ್ಟು ಬಿಳಿ ಜೋಳ ತಂದು ಗಿರಣಿಯಲ್ಲಿ ಬೀಸಿಸಿ. ಹತ್ತು ಹದಿನೈದು ದಿನಕ್ಕಾಗುವಷ್ಟೇ ಸಾಕು. ಹಿಟ್ಟು ಹಳತಾದಂತೆ ಜಿಗುಟು ಹೋಗಿ ರೊಟ್ಟಿ ಅಂಚಿನಲ್ಲಿ ಹರಿಯುತ್ತದೆ. ಗಿರಣಿಯವರಿಗೆ ಜೋಳವೆಂದು ಮೊದಲೇ ಹೇಳಿ. ಗೋಧಿ ಬೀಸಿದ ಕಲ್ಲಿನಲ್ಲಿ ಯಾವ ಸರದಿಗೆ ನಿಮ್ಮ ಡಬ್ಬಿ ಬರಬೇಕೆಂದು ಅವರಿಗೆ ಗೊತ್ತು.

ತರಕಾರಿಗೆ ಹುಬ್ಬಳ್ಳಿಯಲ್ಲಿ ಜನತಾ ಬಜಾರ್, ದುರ್ಗದಬೈಲ್; ಧಾರವಾಡದಲ್ಲಿ ಸೂಪರ್ ಮಾರ್ಕೆಟ್. ಹೆಸರು ಕೇಳಿ ಹವಾನಿಯಂತ್ರಿತ ಮಳಿಗೆ ಎಂದುಕೊಳ್ಳಬೇಡಿ, ಅದು ಬಯಲಿನ ಪೇಟೆ. ಸಂಜೆ ಕತ್ತಲಾಗುವ ಹೊತ್ತಿಗೆ ಸೊಪ್ಪಿನ ಬೆಲೆ ಇಳಿಯುತ್ತದೆ. ಕಾಲು ಕಿಲೋ ಬೇಕಾದರೆ 'ಪಾವ್ ಕಿಲೋ' ಎನ್ನಿ. ಒಣಮೆಣಸಿನಕಾಯಿಯನ್ನು ವರ್ಷಕ್ಕಾಗುವಷ್ಟು ಒಮ್ಮೆಲೇ ಕೊಳ್ಳುವುದು ಇಲ್ಲಿನ ಮನೆಗಳ ಪದ್ಧತಿ; ಬ್ಯಾಡಗಿ ಪಕ್ಕದ ಹಾವೇರಿ ಜಿಲ್ಲೆಯಲ್ಲೇ ಇದೆ, ಹೊಸ ಮಾಲು ಬೇಸಿಗೆಯ ಮೊದಲು ಪೇಟೆಗೆ ಬರುತ್ತದೆ. ಧಾರವಾಡ ಪೇಡೆಯನ್ನು ಲೈನ್ ಬಜಾರಿನಲ್ಲಿ ಸಾಲು ನಿಂತು ಒಮ್ಮೆ ತಿಂದರೆ ಸಾಕು. ಊರಿನವರು ದಿನಾ ತಿನ್ನುವುದು ಮಿರ್ಚಿ ಭಜಿ, ಗಿರಮಿಟ್ ಮತ್ತು ಚಹಾ.

ಓಡಾಟ

ಚಿಗರಿ ಬಸ್ಸು ಎರಡು ಊರುಗಳ ನಡುವೆ ಸುಮಾರು 22 ಕಿಲೋಮೀಟರ್‌ನ ಪ್ರತ್ಯೇಕ ಪಥದಲ್ಲಿ ಓಡುತ್ತದೆ. ನಿಲ್ದಾಣಗಳು ರಸ್ತೆಯ ನಡುಮಧ್ಯದಲ್ಲಿವೆ. ಬಸ್ಸಿನೊಳಗೆ ಟಿಕೆಟ್ ಕೊಡುವುದಿಲ್ಲ. ನಿಲ್ದಾಣದ ಕೌಂಟರ್‌ನಲ್ಲಿ ಟಿಕೆಟ್ ಪಡೆದು ಒಳಗೆ ಹೋಗಬೇಕು. ಎಲ್ಲ ನಿಲ್ದಾಣಗಳಲ್ಲಿ ನಿಲ್ಲುವ ಬಸ್ಸು ಬೇರೆ, ಕೆಲವೇ ಕಡೆ ನಿಲ್ಲುವ ಎಕ್ಸ್‌ಪ್ರೆಸ್ ಬೇರೆ. ಸತ್ತೂರಿಗೆ ಹೋಗಬೇಕಾದವರು ಫಲಕ ಓದದೆ ಹತ್ತಿದರೆ ಧಾರವಾಡದಲ್ಲಿ ಇಳಿದು ಹಿಂದಕ್ಕೆ ಬರಬೇಕಾಗುತ್ತದೆ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸಾಮಾನ್ಯ ನಗರ ಸಾರಿಗೆಯಲ್ಲಿ ಉಂಟು, ಹವಾನಿಯಂತ್ರಿತ ಚಿಗರಿಯಲ್ಲಿ ಇಲ್ಲ.

ರಸ್ತೆ ದಾಟುವಾಗ ಎಚ್ಚರ. ಮೊದಲು ಸಾಮಾನ್ಯ ವಾಹನಗಳ ಪಥ, ಆಮೇಲೆ ಚಿಗರಿಯ ಪಥ. ಎರಡನೆಯದು ಖಾಲಿ ಇರುವಂತೆ ಕಾಣುತ್ತದೆ, ಆದರೆ ಬಸ್ಸು ಸದ್ದಿಲ್ಲದೆ ವೇಗವಾಗಿ ಬರುತ್ತದೆ. ಆ ಪಥದಲ್ಲಿ ಬೈಕು ಓಡಿಸುವವರನ್ನು ನೋಡಿ ನೀವೂ ನುಗ್ಗಬೇಡಿ.

ಆಟೋಗಳಲ್ಲಿ ಮೀಟರ್ ನಿರೀಕ್ಷಿಸಬೇಡಿ, ಹತ್ತುವ ಮೊದಲೇ ದರ ಮಾತಾಡಿ. ಹುಬ್ಬಳ್ಳಿಯ ಚೆನ್ನಮ್ಮ ವೃತ್ತದಿಂದ ಎಲ್ಲಿಗಾದರೂ ಹೋಗಬೇಕಾದರೆ ನಾಲ್ಕು ಹೆಜ್ಜೆ ನಡೆದು ವೃತ್ತದಿಂದ ಹೊರಬಂದು ಆಟೋ ಹಿಡಿಯುವುದು ಜಾಣತನ. ಹುಬ್ಬಳ್ಳಿಯ ರೈಲು ನಿಲ್ದಾಣಕ್ಕೆ ಹೋಗುವಾಗ ಮಾತ್ರ ಕೈಯಲ್ಲಿ ಸಮಯವಿಟ್ಟುಕೊಳ್ಳಿ. 1,507 ಮೀಟರ್ ಉದ್ದದ, ಜಗತ್ತಿನಲ್ಲೇ ಅತಿ ಉದ್ದದ ಪ್ಲಾಟ್‌ಫಾರ್ಮ್ ನಮ್ಮಲ್ಲಿದೆ ಎಂಬ ಹೆಮ್ಮೆ, ನಿಮ್ಮ ಬೋಗಿ ಆ ತುದಿಯಲ್ಲಿದೆ ಎಂದು ಗೊತ್ತಾದಾಗ ಚೀಲದ ಭಾರದಲ್ಲಿ ಕರಗುತ್ತದೆ.

ಆಸ್ಪತ್ರೆಗಳನ್ನು ಆರೋಗ್ಯವಾಗಿರುವಾಗಲೇ ನೋಡಿಟ್ಟುಕೊಳ್ಳಿ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಎಲ್ಲರೂ ಕಿಮ್ಸ್ ಎಂದು ಕರೆಯುವ ಸರ್ಕಾರಿ ಆಸ್ಪತ್ರೆ, ಧಾರವಾಡದಲ್ಲಿ ಜಿಲ್ಲಾಸ್ಪತ್ರೆ, ನಡುವೆ ಸತ್ತೂರಿನಲ್ಲಿ ಎಸ್‌ಡಿಎಂ. ಮಾನಸಿಕ ಆರೋಗ್ಯಕ್ಕೆ ಧಾರವಾಡದ ಡಿಮ್ಹಾನ್ಸ್. ಹೊಸ ಊರಿನಲ್ಲಿ ಒಂಟಿಯಾಗಿ ಓದುವ ಮಕ್ಕಳು ಈ ಕೊನೆಯ ಹೆಸರನ್ನು ನೆನಪಿನಲ್ಲಿಟ್ಟುಕೊಳ್ಳಲು ಸಂಕೋಚಪಡಬೇಕಿಲ್ಲ. ತುರ್ತಿಗೆ 108.

ಮಳೆ, ಧೂಳು, ಬಣ್ಣ

ಧಾರವಾಡ ಮಲೆನಾಡಿನ ಸೆರಗಿನಲ್ಲಿದೆ. ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಜಿಟಿಜಿಟಿ ಮಳೆ ಹಿಡಿದರೆ ಬಟ್ಟೆ ಒಣಗುವುದಿಲ್ಲ. ಒಳಾಂಗಣದಲ್ಲಿ ಹಗ್ಗ ಕಟ್ಟಲು ಮಾಲೀಕರ ಒಪ್ಪಿಗೆ ಮೇ ತಿಂಗಳಲ್ಲೇ ಪಡೆಯಿರಿ. ಹುಬ್ಬಳ್ಳಿಯಲ್ಲಿ ಮಳೆ ಅದಕ್ಕಿಂತ ಕಡಿಮೆ, ಧೂಳು ಹೆಚ್ಚು. ಬೇಸಿಗೆಯಲ್ಲಿ ಬೈಕಿನವರು ಕನ್ನಡಕವಿಲ್ಲದೆ ಹೊರಡುವುದಿಲ್ಲ.

ಹೋಳಿಯಲ್ಲಿ ಒಂದು ವಿಶೇಷ ಗಮನಿಸಿ. ಹುಬ್ಬಳ್ಳಿಯಲ್ಲಿ ಬಣ್ಣದ ದೊಡ್ಡ ಆಟ ನಡೆಯುವುದು ಹುಣ್ಣಿಮೆಯ ಮರುದಿನವಲ್ಲ, ಐದನೆಯ ದಿನದ ರಂಗಪಂಚಮಿಗೆ. ಆ ದಿನ ಬೆಳಿಗ್ಗೆ ಪೇಟೆ ಮುಚ್ಚಿರುತ್ತದೆ. ಸಂದರ್ಶನಕ್ಕೋ ಆಸ್ಪತ್ರೆಯ ಭೇಟಿಗೋ ಆ ದಿನಾಂಕ ಒಪ್ಪಿಕೊಳ್ಳಬೇಡಿ. ಶಿವರಾತ್ರಿಗೆ ಸಿದ್ಧಾರೂಢ ಮಠದ ಜಾತ್ರೆ, ಭಾದ್ರಪದದಲ್ಲಿ ಗಣಪತಿ. ಇವೆರಡಕ್ಕೂ ಹಳೇ ಪೇಟೆಯ ರಸ್ತೆಗಳಲ್ಲಿ ಕಾರು ತೆಗೆದುಕೊಂಡು ಹೋಗುವ ವಿಚಾರ ಬಿಡಿ.

ಜನ ಸಿಗುವ ಜಾಗಗಳು

ಹೊಸ ಊರಿನಲ್ಲಿ ಸಂಜೆಗಳು ಉದ್ದ. ಕಚೇರಿಯ ಗೆಳೆತನ ಕಚೇರಿಯಲ್ಲೇ ಮುಗಿಯುತ್ತದೆ. ಬೆಳಿಗ್ಗೆ ನಡೆಯುವ ಅಭ್ಯಾಸವಿದ್ದರೆ ಹುಬ್ಬಳ್ಳಿಯಲ್ಲಿ ನೃಪತುಂಗ ಬೆಟ್ಟ ಅಥವಾ ಉಣಕಲ್ ಕೆರೆ, ಧಾರವಾಡದಲ್ಲಿ ಕೆಸಿಡಿ (ಕರ್ನಾಟಕ ಕಾಲೇಜು) ಮೈದಾನ ಅಥವಾ ಸಾಧನಕೇರಿ. ಒಂದೇ ಹೊತ್ತಿಗೆ ಒಂದೇ ಜಾಗಕ್ಕೆ ಹೋಗುತ್ತಿದ್ದರೆ ತಾವಾಗಿಯೇ ಮಾತನಾಡಿಸುತ್ತಾರೆ. ಮನೆಗೆಲಸದವರು, ಪ್ಲಂಬರ್, ಮಕ್ಕಳ ಟ್ಯೂಷನ್, ಹಾಲಿನವರು, ಎಲ್ಲರ ಸುಳಿವೂ ಸಿಗುವುದು ಇಂಥ ಮಾತಿನಲ್ಲೇ. ಕಸದ ಗಾಡಿ ಬರುವ ಹೊತ್ತಿಗೆ ಬಾಗಿಲಿಗೆ ಬಂದು ನಿಂತರೂ ಅಷ್ಟೇ ಫಲ. ಓಣಿಯ ಅರ್ಧ ಸುದ್ದಿ ಅಲ್ಲಿ ವಿನಿಮಯವಾಗುತ್ತದೆ.

ಧಾರವಾಡದಲ್ಲಿರುವವರಿಗೆ ಇನ್ನೊಂದು ಅನುಕೂಲವಿದೆ. 1890ರಲ್ಲಿ ಆರಂಭವಾದ ಕರ್ನಾಟಕ ವಿದ್ಯಾವರ್ಧಕ ಸಂಘದ ಸಭಾಭವನದಲ್ಲಿ ಉಪನ್ಯಾಸ, ಪುಸ್ತಕ ಬಿಡುಗಡೆ, ಸನ್ಮಾನ ಒಂದಲ್ಲ ಒಂದು ನಡೆಯುತ್ತಲೇ ಇರುತ್ತವೆ. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು ಬಾಳಿದ ಊರಿದು. ಹಿಂದೂಸ್ತಾನಿ ಸಂಗೀತದ ಬೈಠಕ್‌ಗಳಿಗೆ ಹಲವು ಬಾರಿ ಟಿಕೆಟ್ಟೇ ಇರುವುದಿಲ್ಲ. ಹುಬ್ಬಳ್ಳಿಯವರಿಗೆ ಸವಾಯಿ ಗಂಧರ್ವ ಸಭಾಭವನವಿದೆ. ಸಮಾರಂಭದ ಸುದ್ದಿಯನ್ನು ಸ್ಥಳೀಯ ಪತ್ರಿಕೆಯ 'ಇಂದಿನ ಕಾರ್ಯಕ್ರಮ' ಅಂಕಣದಲ್ಲಿ ನೋಡಿ. ಆಮಂತ್ರಣ ಪತ್ರಿಕೆ ಇಲ್ಲವೆಂದು ಹಿಂಜರಿಯಬೇಡಿ, ಯಾರೂ ಕೇಳುವುದಿಲ್ಲ.

ಹೋದವರು ಹಿಂದಿನ ಸಾಲಿನಲ್ಲಿ ಕುಳಿತು ಮುಗಿಯುವ ಮೊದಲೇ ಎದ್ದು ಬರಬಾರದು. ಕಾರ್ಯಕ್ರಮದ ನಂತರ ಚಹಾದ ಹೊತ್ತಿಗೆ ಪಕ್ಕದವರು ಯಾವ ಊರು ಎಂದು ಕೇಳುತ್ತಾರೆ, ಯಾವ ಕೆಲಸ ಎಂದು ಕೇಳುತ್ತಾರೆ, ಮನೆ ಎಲ್ಲಿ, ಬಾಡಿಗೆ ಎಷ್ಟು ಎನ್ನುತ್ತಾರೆ. ಬಾಡಿಗೆ ಹೇಳಿದರೆ ಹೆಚ್ಚಾಯಿತು ಎಂದು ಖಂಡಿತ ಹೇಳುತ್ತಾರೆ, ಅದರ ಬೆನ್ನಿಗೇ ತಮ್ಮ ಓಣಿಯಲ್ಲಿ ಖಾಲಿ ಇರುವ ಮನೆಯ ವಿವರವನ್ನೂ ಕೊಡುತ್ತಾರೆ. ಸಂಬಳದ ಪ್ರಶ್ನೆ ಬಂದಾಗ ನಕ್ಕು ಸುಮ್ಮನಾಗಬಹುದು, ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ.